ಗದ್ದಿಗೆಗೆ ಕೊಟ್ಟ ರೊಕ್ಕ

ಎರಡು ವರ್ಷದಿಂದ ಸಂಶೋಧನೆಯ ನೆಪದಲ್ಲಿ ಯಾದಗಿರಿ, ಶಹಾಪುರ, ಸುರಪುರದ ನಡುವೆ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಕಚೇರಿಗಳ ಮುಂದೆ ಶಾಮಿಯಾನ, ಅದರ ಕೆಳಗೆ ಹತ್ತಿಪ್ಪತ್ತು ಮಂದಿ, ಒಂದು ಮೈಕು, ಕೊನೆಗೆ ತಹಶೀಲ್ದಾರರ ಕೈಗೆ ಮನವಿಪತ್ರ. ಈ ದೃಶ್ಯ ನೋಡಿ ನೋಡಿ ಅದು ಊರಿನ ಹವಾಮಾನದಷ್ಟೇ ಸಹಜವೆನಿಸಿಬಿಟ್ಟಿತ್ತು. ಒಂದು ಮಧ್ಯಾಹ್ನ ಅಂಥದೇ ಧರಣಿಯ ಪಕ್ಕದ ಚಹಾದಂಗಡಿಯಲ್ಲಿ ಕೂತಿದ್ದಾಗ, ಧರಣಿಗೆ ಬಂದಿದ್ದ ಮುದುಕರೊಬ್ಬರು ನನ್ನ ಪ್ರಶ್ನೆಗೆ ಹೀಗೆಂದರು: “ಈ ಸಾಹೇಬ್ರು ಹೋಗ್ತಾರ, ಇನ್ನೊಬ್ರು ಬರ್ತಾರ. ಬಂದವ್ರೂ ಕೊಟ್ಟೇ ಬಂದಿರ್ತಾರ. ಕೊಟ್ಟದ್ದು ಮತ್ತ ತೆಗೀಬೇಕಲ್ಲ?”

ಆ ಹೊತ್ತಿಗೆ ನನ್ನ ಚೀಲದಲ್ಲಿದ್ದದ್ದು ಸುರಪುರ ಸಂಸ್ಥಾನದ ನಜರಾನಾ ಕುರಿತ ಟಿಪ್ಪಣಿಗಳು. ಸುಮಾರು ಇನ್ನೂರು ವರ್ಷದ ಹಿಂದಿನ ಕತೆ. ಮುದುಕರು ಅದನ್ನೇ ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು.

ಸುರಪುರವೆಂದರೆ ನಮಗೆ ಮೊದಲು ನೆನಪಾಗುವುದು ಬೇಡ ನಾಯಕರ ಶೌರ್ಯ. 1705ರಲ್ಲಿ ಔರಂಗಜೇಬನೇ ಬಂದು ವಾಗಿಣಗೇರಿ ಕೋಟೆಗೆ ಮುತ್ತಿಗೆ ಹಾಕಿದ್ದು, 1858ರ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದದ್ದು. ಈ ಎರಡು ಯುದ್ಧಗಳ ನಡುವಿನ ಲೆಕ್ಕಪತ್ರದ ಇತಿಹಾಸ ಯಾರಿಗೂ ಅಷ್ಟು ರುಚಿಸುವುದಿಲ್ಲ. ಅದರಲ್ಲಿ ಕುದುರೆಯಿಲ್ಲ, ಕತ್ತಿಯಿಲ್ಲ, ಬಡ್ಡಿಯಿದೆ.

1828ರಲ್ಲಿ ಹಳೆಯ ರಾಜ ತೀರಿಕೊಂಡು ಕೃಷ್ಣಪ್ಪ ನಾಯಕ ಪಟ್ಟಕ್ಕೆ ಬಂದಾಗ ಹೈದರಾಬಾದಿನ ನಿಜಾಮ ಸರಕಾರ, ಉತ್ತರಾಧಿಕಾರ ಒಪ್ಪಿಕೊಳ್ಳಲು 15 ಲಕ್ಷ ರೂಪಾಯಿ ನಜರಾನಾ ಕೇಳಿತು. ಆಗ ಅಲ್ಲಿ ಆಡಳಿತ ನಡೆಸುತ್ತಿದ್ದವನು ಚಂದೂಲಾಲ್. ನಜರಾನಾ ಎಂದರೆ ಕಾಣಿಕೆ. ಆದರೆ ಮೊತ್ತವನ್ನು ಕೊಡುವವನಲ್ಲ, ತೆಗೆದುಕೊಳ್ಳುವವನು ನಿಗದಿಪಡಿಸಿದರೆ ಅದನ್ನು ಬೆಲೆ ಎನ್ನಬೇಕಾಗುತ್ತದೆ. ಒಂದು ಚಿಕ್ಕ ಸಂಸ್ಥಾನದ ಬೊಕ್ಕಸದಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ಸಾಲ ಮಾಡಿದರು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಕಂದಾಯದ ಮೇಲಿನ ಒತ್ತಡ. ಗದ್ದಿಗೆಗೆ ಕೊಟ್ಟ ರೊಕ್ಕ ಕೊನೆಗೆ ಬಂದು ಕೂತದ್ದು ಎರೆಹೊಲದ ಒಕ್ಕಲಿಗನ ಹೆಗಲ ಮೇಲೆ.

ಇದನ್ನು ನಮಗೆ ವಿವರವಾಗಿ ತಿಳಿಸುವವನು ಮೆಡೋಸ್ ಟೇಲರ್. 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಎಳೆಯ ರಾಜನ ಪರವಾಗಿ ಆಡಳಿತ ನೋಡಿಕೊಂಡ ಅಧಿಕಾರಿ. ಅವನು ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಇವತ್ತಿಗೂ ಸುರಪುರದ ಗುಡ್ಡದ ಮೇಲಿದೆ. ಅವನ ಆತ್ಮಕಥೆ ಅವನು ಸತ್ತ ಮರುವರ್ಷ, 1877ರಲ್ಲಿ ಪ್ರಕಟವಾಯಿತು. ನಮ್ಮೂರ ಕಡೆ ಟೇಲರ್ ಸಾಹೇಬನ ಬಗ್ಗೆ ಪ್ರೀತಿಯಿದೆ, ನನಗೂ ಸ್ವಲ್ಪ ಇದೆ. ಆದರೆ ಅವನನ್ನು ಓದುವಾಗ ಒಂದು ಎಚ್ಚರ ಬೇಕು. ಸುರಪುರದ ದರಬಾರಿನ ಲಂಚ, ಹೈದರಾಬಾದಿನ ಲೋಭ ಇವೆಲ್ಲ ಅವನ ಕಣ್ಣಿಗೆ ಬೀಳುತ್ತವೆ. ತನ್ನ ಕಂಪನಿಯ ಕೈಗೆ ಅಂಟಿದ್ದು ಅಷ್ಟಾಗಿ ಕಾಣುವುದಿಲ್ಲ. ಕಂಟಿಂಜೆಂಟ್ ಸೈನ್ಯದ ಖರ್ಚು ಅಂತ ಕಂಪನಿ ನಿಜಾಮನ ಮೇಲೆ ಸಾಲದ ಲೆಕ್ಕ ಬರೆಯುತ್ತಲೇ ಹೋಯಿತು. ಅದರ ಹೆಸರಲ್ಲೇ 1853ರಲ್ಲಿ ಬೇರಾರ್ ಮತ್ತು ರಾಯಚೂರು ದೋಆಬ್ ಬ್ರಿಟಿಷರ ವಶಕ್ಕೆ ಹೋದವು. ಮೇಲಿನವನು ಕೆಳಗಿನವನಿಂದ, ಅವನು ಇನ್ನೂ ಕೆಳಗಿನವನಿಂದ. ಕೊನೆಯ ಮೆಟ್ಟಿಲಲ್ಲಿರುವವನಿಗೆ ಮಾತ್ರ ವಸೂಲಿ ಮಾಡಲು ಯಾರೂ ಇಲ್ಲ.

ಆ ಒಕ್ಕಲಿಗ ಏನು ಮಾಡುತ್ತಿದ್ದ? ಮೈಕು, ಮನವಿಪತ್ರ ಇರಲಿಲ್ಲ. ದಖನ್ನಿನ ರೈತನ ಕೈಲಿದ್ದ ಹಳೆಯ ಅಸ್ತ್ರ ಊರು ಬಿಡುವುದು. ವಸೂಲಿ ಮಿತಿಮೀರಿದಾಗ ಇಡೀ ಹಳ್ಳಿಯೇ ಎದ್ದು ಬೇರೆ ಸೀಮೆಗೆ ಹೋಗಿಬಿಡುವುದು, ಕೌಲು ಕೊಟ್ಟು ಕರೆದರೆ ಮಾತ್ರ ಮರಳುವುದು. ಇಂದು ಯಾದಗಿರಿ ಸ್ಟೇಷನ್ನಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಮುಂಬೈ, ಬೆಂಗಳೂರಿನ ರೈಲಿಗೆ ಕಾಯುವ ಗುಳೆ ಜನರನ್ನು ನೋಡುವಾಗ ನನಗೆ ಅದು ನೆನಪಾಗುತ್ತದೆ. ಒಂದು ವ್ಯತ್ಯಾಸವಿದೆ. ಆಗ ಹೊಲ ಬೀಳುಬಿದ್ದರೆ ದೊರೆಗೆ ಕಂದಾಯ ತಪ್ಪುತ್ತಿತ್ತು. ಈಗ ಜನ ಊರು ಬಿಟ್ಟರೆ ಯಾವ ಕಚೇರಿಗೂ ನಷ್ಟವಿಲ್ಲ.

1858ರ ದಂಗೆಯ ನಂತರ ರಾಜನನ್ನು ಸೆರೆಹಿಡಿದರು. ಸೆರೆಮನೆಗೆ ಒಯ್ಯುವ ದಾರಿಯಲ್ಲೇ ಅವನು ಗುಂಡೇಟಿನಿಂದ ತೀರಿಕೊಂಡ. 1860ರ ಒಪ್ಪಂದದಲ್ಲಿ ಬ್ರಿಟಿಷರು ನಿಜಾಮನ 50 ಲಕ್ಷದ ಸಾಲ ಮನ್ನಾ ಮಾಡಿ ಸುರಪುರವನ್ನೂ ಅವನಿಗೇ ಕೊಟ್ಟರು. ಶೌರ್ಯಕ್ಕೆ ಸಿಕ್ಕ ಫಲ ಅದು. ಬದಲಾವಣೆ ಬಂದದ್ದು ಬೇರೆ ಬಾಗಿಲಿನಿಂದ. 1853ರಲ್ಲಿ ದಿವಾನನಾದ ಸಾಲಾರ್ ಜಂಗ್, ಕಂದಾಯ ವಸೂಲಿಯನ್ನು ಗುತ್ತೇದಾರರಿಗೆ ಹರಾಜು ಹಾಕುವ ಪದ್ಧತಿಯನ್ನು ಕ್ರಮೇಣ ಕಿತ್ತುಹಾಕಿ, 1865ರ ಜಿಲಾಬಂದಿಯಲ್ಲಿ ಜಿಲ್ಲೆ, ತಾಲ್ಲೂಕುಗಳಿಗೆ ಸಂಬಳದ ಅಧಿಕಾರಿಗಳನ್ನು ನೇಮಿಸಿದ. ಜಹಗೀರುಗಳು ಹಾಗೇ ಉಳಿದವು, ಲಂಚವೂ ನಿಲ್ಲಲಿಲ್ಲ. ಆದರೂ ಒಂದು ಮಾತು ಕಾನೂನಾಯಿತು: ತಾಲ್ಲೂಕಿನ ಕುರ್ಚಿ ಕೊಂಡುಕೊಳ್ಳುವ ವಸ್ತುವಲ್ಲ. ಅದು ಚಂದೂಲಾಲನ ಕಾಲದಲ್ಲಿ ಯಾರೂ ಊಹಿಸದ ಮಾತು.

ಈಗ ನಮ್ಮ ಕಾಲಕ್ಕೆ ಬರುತ್ತೇನೆ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯನ್ನು 54 ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಅಕ್ರಮದ ಜಾಡು ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಿಂದ ಹಿಡಿದು ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರ ಬಂಧನದವರೆಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು. ಆಗ ಬೀದಿಗೆ ಬಂದವರು ಒಂದೇ ಗುಂಪಿನವರಲ್ಲ. ಮರುಪರೀಕ್ಷೆ ಬೇಕೆಂದವರು ಒಂದು ಕಡೆ, ನಾವು ಓದಿ ಪಾಸಾದವರು, ನಮ್ಮನ್ನೇಕೆ ಶಿಕ್ಷಿಸುತ್ತೀರಿ ಎಂದವರು ಇನ್ನೊಂದು ಕಡೆ. ನನ್ನ ಜೊತೆ ಹಾಸ್ಟೆಲಿನಲ್ಲಿದ್ದವರು ಎರಡೂ ಕಡೆ ಇದ್ದರು, ಇಬ್ಬರ ಮಾತೂ ನಿಜವಿತ್ತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟರೊಳಗೆ ಕೆಲವರ ವಯಸ್ಸು ಮೀರಿತ್ತು, ಕೆಲವರ ಮದುವೆಯಾಗಿತ್ತು, ಒಬ್ಬ ಪುಸ್ತಕ ಮಾರಿ ಊರಿಗೆ ಹೋಗಿದ್ದ.

ನಡುವೆ, 2023ರ ಮೇ ತಿಂಗಳಲ್ಲಿ, ಸರಕಾರವೇ ಬದಲಾಯಿತು. ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದ ಪತ್ರದಿಂದ ಹುಟ್ಟಿದ ‘40 ಪರ್ಸೆಂಟ್’ ಅನ್ನುವ ಮಾತು ಆ ಚುನಾವಣೆಯ ಘೋಷಣೆಯೇ ಆಗಿತ್ತು. ಯಾದಗಿರಿ, ಶಹಾಪುರ, ಸುರಪುರ ಮೂರರಲ್ಲೂ ಕಾಂಗ್ರೆಸ್ ಗೆದ್ದಿತು. ಭ್ರಷ್ಟಾಚಾರದ ವಿರುದ್ಧದ ಸಿಟ್ಟು ಮತವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಅದೇ ಅಕ್ಟೋಬರ್ 28ರಂದು ನಿಗಮ ಮಂಡಳಿಗಳ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಕೇಂದ್ರಗಳಲ್ಲೇ ಬ್ಲೂಟೂತ್ ಸಿಕ್ಕಿತು. ನವೆಂಬರಿನಲ್ಲಿ ಶಹಾಪುರದ ಗೋದಾಮಿನಿಂದ ಸುಮಾರು 2 ಕೋಟಿ ರೂಪಾಯಿ ಬೆಲೆಯ, ಆರು ಸಾವಿರ ಕ್ವಿಂಟಲಿಗೂ ಹೆಚ್ಚು ಅನ್ನಭಾಗ್ಯದ ಅಕ್ಕಿ ಕಾಣೆಯಾದದ್ದು ಬಯಲಾಯಿತು. 2024ರ ಆಗಸ್ಟ್‌ನಲ್ಲಿ ಯಾದಗಿರಿಯ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಒಬ್ಬರು ಹಠಾತ್ತನೆ ತೀರಿಕೊಂಡಾಗ, ಹುದ್ದೆಯ ಜಾಗಕ್ಕಾಗಿ ಹಣದ ಬೇಡಿಕೆಯಿತ್ತೆಂದು ಕುಟುಂಬದವರು ಆರೋಪಿಸಿದರು. ದಲಿತ ಸಂಘಟನೆಗಳು ರಸ್ತೆಗಿಳಿದವು, ತನಿಖೆ ಸಿಐಡಿಗೆ ಹೋಯಿತು. ಆ ಆರೋಪದ ನಿಜಾನಿಜ ತೀರ್ಮಾನಿಸುವುದು ನನ್ನ ಕೆಲಸವಲ್ಲ. ನನ್ನನ್ನು ಕಾಡಿದ್ದು, ಅಂದು ಸೇರಿದ್ದ ಜನರಲ್ಲಿ ಯಾರಿಗೂ ಅಂಥ ಬೇಡಿಕೆ ಅಸಂಭವ ಅನ್ನಿಸಲಿಲ್ಲ ಎಂಬುದು. ನಜರಾನಾ ಎಂಬ ಪದ ಸತ್ತಿದೆ, ಅದರ ಅರ್ಥ ಎಲ್ಲರಿಗೂ ಗೊತ್ತಿದೆ.

ಹಾಗಾದರೆ ರಾಜಕೀಯ ಬದಲಾವಣೆ ಸಾಧ್ಯವೇ ಇಲ್ಲವೇ? ಸುರಪುರದಲ್ಲಿ 2004ರಿಂದ ಈಚೆಗೆ ಶಾಸಕ ಸ್ಥಾನ ಎರಡೇ ಮನೆತನಗಳ ನಡುವೆ ತಿರುಗಿದೆ. ಅದರಲ್ಲೊಬ್ಬರ ಹೆಸರು 1858ರ ರಾಜನದೇ. ಪಕ್ಷಗಳು ಬದಲಾದವು, ಜಿದ್ದು ಬದಲಾಗಲಿಲ್ಲ. ಇದನ್ನು ನೋಡಿ ನಿರಾಶೆಯಾಗುವುದು ಸುಲಭ. ನನ್ನ ತಕರಾರು ಬೇರೆ: ನಮ್ಮ ಧರಣಿಗಳು ಕೇಳುವುದು ಹೆಚ್ಚಾಗಿ ವ್ಯಕ್ತಿಯನ್ನು. ಇಂಥವರನ್ನು ಅಮಾನತು ಮಾಡಿ, ಇಂಥವರನ್ನು ವರ್ಗಾಯಿಸಿ. ವರ್ಗಾವಣೆಯಿಂದ ಆ ಕುರ್ಚಿ ಇನ್ನೊಮ್ಮೆ ಮಾರಾಟಕ್ಕೆ ಬರುತ್ತದೆ, ಅಷ್ಟೆ.

ರಾಜಸ್ಥಾನದಲ್ಲಿ 1990ರಲ್ಲಿ ಶುರುವಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಬೇರೆಯದನ್ನು ಕೇಳಿತು. ಬರ ಪರಿಹಾರ ಕಾಮಗಾರಿಯಲ್ಲಿ ಕೂಲಿ ಕಡಿಮೆ ಬಂದಾಗ ಮಸ್ಟರ್ ರೋಲ್ ತೋರಿಸಿ ಎಂದಿತು. 1994ರಿಂದ ಹಳ್ಳಿಗಳಲ್ಲಿ ನಡೆದ ಜನಸುನವಾಯಿಗಳಲ್ಲಿ ಆ ಹೆಸರುಗಳನ್ನು ಗಟ್ಟಿಯಾಗಿ ಓದಿದರು. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನದ ಧರಣಿ ನಡೆದದ್ದು ದಾಖಲೆಯ ನಕಲಿಗಾಗಿ. ಆ ದಾರಿಯೇ 2005ರ ಮಾಹಿತಿ ಹಕ್ಕಿಗೆ ಬಂತು. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಗ್ರಾಮಸಭೆಯ ಕೈಗೆ ಸಾಮಾಜಿಕ ಲೆಕ್ಕಪರಿಶೋಧನೆ ಕೊಟ್ಟಿತು. 2013ರ ಆಹಾರ ಭದ್ರತಾ ಕಾಯ್ದೆಯ 27ನೇ ಕಲಂ, ಪಡಿತರದ ಎಲ್ಲ ದಾಖಲೆ ಸಾರ್ವಜನಿಕರ ತಪಾಸಣೆಗೆ ತೆರೆದಿರಬೇಕು ಎನ್ನುತ್ತದೆ. ಶಹಾಪುರದ ಗೋದಾಮಿನ ದಾಸ್ತಾನು ಪುಸ್ತಕವೂ ಆ ‘ಎಲ್ಲ’ದೊಳಗೇ ಬರುತ್ತದೆ. ಅದನ್ನು ನೋಡುವ ಹಕ್ಕು ಸಾಲಿನಲ್ಲಿ ನಿಂತ ಯಾವ ಹೆಂಗಸಿಗಾದರೂ ಇದೆ. ಕೇಳುವುದು ಸುಲಭವೆಂದು ಹೇಳುತ್ತಿಲ್ಲ. ಕೇಳಿದವರ ಮೇಲೆ ಹಲ್ಲೆಯಾದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ.

ಚಹಾದಂಗಡಿಯ ಮುದುಕರ ಕೈಯಲ್ಲಿ ಅವತ್ತಿನ ಮನವಿಪತ್ರದ ಒಂದು ಪ್ರತಿಯಿತ್ತು. ಓದಿ ಹೇಳು ಎಂದರು. ಮೂರು ಬೇಡಿಕೆ ಅಮಾನತು, ವರ್ಗಾವಣೆ, ತನಿಖೆಯವು. ನಾಲ್ಕನೆಯದು, ಯಾರೋ ಕೊನೆಗೆ ಪೆನ್ನಿನಿಂದ ಸೇರಿಸಿದ್ದು: ಎಷ್ಟು ಬಂತು, ಎಷ್ಟು ಹಂಚಿದರು ಎಂದು ಪ್ರತಿ ತಿಂಗಳು ಬಾಗಿಲಿಗೆ ಬರೆದು ಹಾಕಬೇಕು. “ಇದನ್ನ ಯಾರು ಬರೆದ್ರು?” ಎಂದು ಕೇಳಿದೆ. ಶಾಮಿಯಾನದ ಕೆಳಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳನ್ನು ತೋರಿಸಿದರು. ಡಿಗ್ರಿ ಎರಡನೇ ವರ್ಷವಂತೆ. ಅಷ್ಟರಲ್ಲಿ ಸಾಹೇಬರು ಹೊರಗೆ ಬಂದರೆಂದು ಎಲ್ಲರೂ ಎದ್ದರು.