ಓದಿನ ತೊಡಕು ಮತ್ತು ಬಣ್ಣದ ಹಾಳೆ

ಕನ್ನಡ ಮಾಧ್ಯಮದ ಮಗು ತಡವರಿಸಿ ಓದಿದರೆ ಗಡಿನಾಡಿನ ತಂದೆತಾಯಿಗಳಾದ ನಿಮಗೆ ಎರಡು ಸಲಹೆಗಳು ಕೂಡಲೇ ದೊರೆಯುತ್ತವೆ: ಮಾಧ್ಯಮ ಬದಲಿಸಿರಿ, ಇಲ್ಲವೇ ಕಣ್ಣು ತೋರಿಸಿರಿ. ಒಮ್ಮೊಮ್ಮೆ ಮೂರನೆಯದೂ ಸೇರುತ್ತದೆ: ಪುಟದ ಮೇಲೆ ಬಣ್ಣದ ಪಾರದರ್ಶಕ ಹಾಳೆಯನ್ನಿಟ್ಟು ಓದಿಸಿರಿ. ಹಣ ತೆರುವ ಮೊದಲು ಈ ಹಾಳೆಯ ಚರಿತ್ರೆಯನ್ನು ಅರಿತಿರುವುದು ಒಳಿತು.

ಓದಿನ ತೊಡಕಿಗೆ ಕಣ್ಣನ್ನು ಹೊಣೆಯಾಗಿಸುವ ರೂಢಿ ಹಳೆಯದು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ದೃಷ್ಟಿ ಚೆನ್ನಾಗಿತ್ತು, ಅಂಕಿಗಳನ್ನು ಸಲೀಸಾಗಿ ಓದುತ್ತಿದ್ದ; ಪದಗಳು ಮಾತ್ರ ಒಲಿಯಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಚುರುಕು ಎಂದು ಅವನ ಉಪಾಧ್ಯಾಯರು ಹೇಳಿದ್ದರು. ಆದರೂ ಆ ಸ್ಥಿತಿಗೆ ಬಂದ ಹೆಸರು ‘ಪದಕುರುಡು’!

ಬಣ್ಣದ ವಿಚಾರ ಬಂದದ್ದು 1980ರಲ್ಲಿ. ಬಿಳಿ ಪುಟದ ಮೇಲಿನ ಕಪ್ಪು ಅಕ್ಷರಗಳು ಕೆಲವು ಮಕ್ಕಳಿಗೆ ಅಲುಗಾಡಿದಂತೆ ತೋರುತ್ತವೆ, ಬಣ್ಣ ಹೊದಿಸಿದರೆ ನಿಲ್ಲುತ್ತವೆ ಎಂದು ನ್ಯೂಜಿಲೆಂಡಿನ ಶಿಕ್ಷಕಿ ಆಲಿವ್ ಮೀರ್ಸ್ ಬರೆದರು. 1983ರಲ್ಲಿ ಕ್ಯಾಲಿಫೋರ್ನಿಯಾದ ಹೆಲೆನ್ ಅರ್ಲೆನ್ ಇದನ್ನೊಂದು ಪ್ರತ್ಯೇಕ ತೊಂದರೆಯೆಂದು ಮಂಡಿಸಿದರು. ಮುಂದೆ ತಪಾಸಣೆ, ಹಾಳೆ, ಬಣ್ಣದ ಕನ್ನಡಕ ಎಲ್ಲವೂ ಹಣಕ್ಕೆ ದೊರೆಯುವ ಸೇವೆಗಳಾದವು.

ಬ್ರಿಟನ್ನಿನ ಆರ್ನಾಲ್ಡ್ ವಿಲ್ಕಿನ್ಸ್ ಅವರು ಬಣ್ಣದಿಂದ ಕೆಲವರ ಓದಿನ ವೇಗ ಹೆಚ್ಚುವುದನ್ನು ಕಂಡರು. ಆದರೆ ಅವರ ಪರೀಕ್ಷೆಯಲ್ಲಿದ್ದುದು ಕೇವಲ 15 ಸಾಮಾನ್ಯ ಪದಗಳು, ಅರ್ಥವಿಲ್ಲದಂತೆ ಅದಲುಬದಲಾಗಿ. ಅಳೆದದ್ದು ವೇಗವನ್ನು, ತಿಳಿವಳಿಕೆಯನ್ನಲ್ಲ.

2011ರಲ್ಲಿ ಪ್ರಕಟವಾದ ಎಡಿನ್‌ಬರೋ ಸಂಶೋಧಕರ ಪರೀಕ್ಷೆ ನೇರವಾಗಿತ್ತು. ಓದಿನಲ್ಲಿ ಹಿಂದುಳಿದ 61 ಮಕ್ಕಳನ್ನು ಅರ್ಲೆನ್ ಪದ್ಧತಿಯ ತಜ್ಞರೇ ತಪಾಸಿಸಿದರು. ಶೇಕಡಾ 77 ಮಕ್ಕಳಿಗೆ ಆ ತೊಂದರೆಯಿದೆ ಎಂದರು. (ಇಷ್ಟೊಂದು ಮಕ್ಕಳಿಗೆ ಇದೆಯೆನ್ನುವ ತಪಾಸಣೆಯ ಬಗ್ಗೆಯೇ ನನಗೆ ಅನುಮಾನ.) ಅನಂತರ ಸೂಚಿಸಿದ ಬಣ್ಣ, ಬೇರೊಂದು ಬಣ್ಣ, ಬಣ್ಣವಿಲ್ಲದ ಹಾಳೆ, ಈ ಮೂರರಲ್ಲೂ ಓದಿಸಿದರು. ಸೂಚಿಸಿದ ಬಣ್ಣದಿಂದ ಓದು ಸುಧಾರಿಸಲಿಲ್ಲ. ಅದಕ್ಕೂ ಮೊದಲೇ, 2009ರಲ್ಲಿ, ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು ಈ ಚಿಕಿತ್ಸೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಒಟ್ಟಾಗಿ ಸಾರಿದ್ದವು. ಬಹುಪಾಲು ಮಕ್ಕಳಲ್ಲಿ ತೊಡಕಿರುವುದು ಮಾತಿನ ಧ್ವನಿಯನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವಲ್ಲಿ, ಕಣ್ಣಿನಲ್ಲಲ್ಲ.

ಕನ್ನಡಕ್ಕೆ ಇನ್ನೊಂದು ಮಾತು ಸೇರಬೇಕು. ಇಂಗ್ಲಿಷಿಗೆ 26 ಅಕ್ಷರ; ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳು. ಕನ್ನಡದ ಮಕ್ಕಳು ಇವನ್ನು ಕಲಿಯುವುದು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ಸೋನಾಲಿ ನಾಗ್ ಅವರ ಅಧ್ಯಯನ ತೋರಿಸಿದೆ. ಎರಡನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ಎಡವಿದ ಮಾತ್ರಕ್ಕೆ ನಿಮ್ಮ ಮಗುವಿಗೆ ದೋಷವಿದೆ ಎಂದಾಗಲಿ, ಕನ್ನಡವೇ ಹೊರೆಯೆಂದಾಗಲಿ ತಿಳಿಯಬೇಕಿಲ್ಲ.

ತೊಡಕು ಬಹುಕಾಲ ಉಳಿದರೆ ತಪಾಸಣೆ ಮಾಡಿಸಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಆದರೆ ಇಂಗ್ಲಿಷ್ ಪದಪಟ್ಟಿ ಓದಿಸಿ ಹಣೆಪಟ್ಟಿ ಹಚ್ಚುವುದನ್ನು ಒಪ್ಪಬೇಡಿರಿ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಪರೀಕ್ಷೆ ಕನ್ನಡದಲ್ಲಿಯೂ ಇದೆ. ಅದನ್ನು ಹೆಸರು ಹೇಳಿಯೇ ಕೇಳಿರಿ.