ಗಣಿ ಮುಚ್ಚಿತು, ಸರಿ. ಹುಲ್ಲು ಎಣಿಸುವವರು ಯಾರು?

ಗಣಿ ಶುರುವಾದಾಗ ಸುದ್ದಿ, ಗಲಾಟೆಯಾದಾಗ ಸುದ್ದಿ, ಕೋರ್ಟು ಮುಚ್ಚಿಸಿದಾಗಲಂತೂ ಮುಖಪುಟದ ಸುದ್ದಿ. ಆಮೇಲೆ? ಅಗೆದು ಬಿಟ್ಟ ಕೆಂಪು ಗುಡ್ಡದ ಮೇಲೆ ಮೊದಲ ಮಳೆಗೆ ಏನು ಹುಟ್ಟಿತು, ಹತ್ತನೇ ಮಳೆಗೆ ಏನು ಉಳಿಯಿತು ಎಂಬುದು ಯಾವ ಪೇಪರಿನಲ್ಲೂ ಬರುವುದಿಲ್ಲ. ಈ ಬರಹ ಅದರ ಬಗ್ಗೆ.

ಶಿರಸಿ ಸೀಮೆಯವರಿಗೆ ಇದು ದೂರದ ವಿಷಯ ಅನಿಸಬಹುದು. ಹಾಗೇನಿಲ್ಲ. ನಮ್ಮ ಯಲ್ಲಾಪುರ ತಾಲೂಕಿನ ಬಿಸಗೋಡಿನಲ್ಲಿ, ಆಚೆ ಜೋಯಿಡಾ ಕಡೆ ಮ್ಯಾಂಗನೀಸ್ ಅಗೆದವರಿದ್ದರು. ಆದರೆ ಗಣಿಯ ನಂತರದ ಹಸಿರಿನ ಕಥೆ ದೊಡ್ಡದಾಗಿ ನಡೆದದ್ದು ಕುದುರೆಮುಖದಲ್ಲಿ.

ಅಲ್ಲಿ ಕಬ್ಬಿಣದ ಅದಿರು ಇದೆ ಎಂದು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರರು ಗುರುತಿಸಿದ್ದು 1913ರಲ್ಲಿ. ಗುಡ್ಡ ಮಾತ್ರ ಅರವತ್ತು ವರ್ಷ ಸುಮ್ಮನೆ ಮಲಗಿತ್ತು. 1975ರಲ್ಲಿ ಇರಾನಿನ ಜೊತೆ ಒಪ್ಪಂದವಾಯಿತು: ಅವರು ಸಾಲ ಕೊಡುವುದು, ನಾವು 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರಿನ ಪುಡಿ ಕೊಡುವುದು. 1976ರಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಹೋದರು, ಗಿರಾಕಿಯೇ ಇಲ್ಲವಾದರು! ಆದರೂ ಕಟ್ಟಿದ ಯಂತ್ರ ನಿಲ್ಲಲಿಲ್ಲ. ಅದಿರನ್ನು ಅರೆದು, ನೀರಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿದರು. ಉಳಿದ ರಾಡಿ ಲಕ್ಯಾ ಹೊಳೆಗೆ ಕಟ್ಟಿದ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ನಿಂತಿತು.

ಆ ಗುಡ್ಡಗಳಲ್ಲಿ ಮಳೆ ವರ್ಷಕ್ಕೆ ಆರು ಸಾವಿರ ಮಿಲಿಮೀಟರ್ ದಾಟುತ್ತದೆ. ನೆತ್ತಿಯ ಮೇಲೆ ಹುಲ್ಲು, ಕಣಿವೆಯ ಸಂದಿಯಲ್ಲಿ ಶೋಲಾ ಕಾಡು. ಹುಲ್ಲಿನ ಬೇರು ಮಣ್ಣನ್ನು ಹಿಡಿದಿಡುತ್ತದೆ, ನೀರು ನಿಧಾನ ಇಳಿದು ಭದ್ರೆ ಸೇರುತ್ತದೆ. ಹುಲ್ಲಿನ ಚರ್ಮ ಸುಲಿದರೆ? ಜಗದೀಶ್ ಕೃಷ್ಣಸ್ವಾಮಿ, ಉಲ್ಲಾಸ ಕಾರಂತ ಮತ್ತು ಸಂಗಡಿಗರು ಭದ್ರೆಯ ನೀರಿನಲ್ಲಿ ತೇಲಿ ಬರುವ ಮಣ್ಣನ್ನು ಅಳೆದರು. ಜಲಾನಯನದಲ್ಲಿ ಗಣಿಯ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ, ಹೊಳೆಗೆ ಬರುವ ಮಣ್ಣಿನಲ್ಲಿ ಅದರ ಪಾಲು ಅರ್ಧಕ್ಕಿಂತ ಹೆಚ್ಚು!

ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಹೆಸರಿನ ಪ್ರಕರಣದಲ್ಲಿ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಊರು ಬಿಕೋ ಎಂದಿತು.

ಇನ್ನು ಹಸಿರಿನ ಲೆಕ್ಕ. ಗಣಿಯವರು ಯಾವತ್ತೂ ಕೊಡುವ ಲೆಕ್ಕ ಒಂದೇ: ಇಷ್ಟು ಲಕ್ಷ ಸಸಿ ನೆಟ್ಟಿದ್ದೇವೆ. ಕುದುರೆಮುಖದಲ್ಲಿ ಪರಿಸರದವರು ತಗಾದೆ ತೆಗೆದದ್ದು ಇಲ್ಲೇ. ಹುಲ್ಲುಗಾವಲಿದ್ದ ಜಾಗದಲ್ಲಿ ಹೊರಗಿನ ಜಾತಿಯ ಮರ ನೆಟ್ಟರೆ ಹಳೆಯ ಜಾಗ ಮರಳಿ ಬಂದಂತಾಯಿತೇ?

ಈ ಪ್ರಶ್ನೆ ನಮಗೆ ಚೆನ್ನಾಗಿ ಗೊತ್ತು. 1983ರಲ್ಲಿ ಸಾಲಕಣಿಯ ಜನ ಮರ ಅಪ್ಪಿಕೊಂಡಾಗ ಸಿಟ್ಟು ಕೊಡಲಿಯ ಮೇಲಷ್ಟೇ ಇರಲಿಲ್ಲ, ಕಾಡು ಸವರಿ ತೇಗ ನೆಡುವ ಪದ್ಧತಿಯ ಮೇಲೂ ಇತ್ತು. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಎಂಬುದು ಬ್ರಿಟಿಷರ ಕಾಲದ ಲೆಕ್ಕ. ಬೆಟ್ಟ ಚೆನ್ನಾಗಿದೆಯೋ ಇಲ್ಲವೋ ಎಂದು ರಸ್ತೆಯಲ್ಲಿ ನಿಂತು ಹೇಳಲಾಗದು. ಒಳಗೆ ಹೋಗಬೇಕು. ಮತ್ತಿ, ಹೊನ್ನೆ, ನೇರಳೆಯ ಮರಿಗಳು ಏಳುತ್ತಿವೆಯೇ, ದರಕು ಎಷ್ಟು ದಪ್ಪ ಬಿದ್ದಿದೆ, ದನಕ್ಕೆ ಕರಡವಿದೆಯೇ ನೋಡಬೇಕು. ಅಕೇಶಿಯಾ ಪ್ಲಾಂಟೇಶನ್ ಕೂಡ ದೂರಕ್ಕೆ ಹಸಿರೇ.

ವಿಜ್ಞಾನಿಗಳು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ, ಆದರೆ ಹಗ್ಗ ಕಟ್ಟಿ, ಪಟ್ಟಿ ಬರೆದು ಮಾಡುತ್ತಾರೆ. ಹುಲ್ಲಿಗೆ ಒಂದು ಮೀಟರಿನ ಚೌಕ, ಮರಕ್ಕೆ ದೊಡ್ಡ ತಾಕು. ಅದರೊಳಗಿನ ಪ್ರತಿ ಜಾತಿಯನ್ನೂ ಎಣಿಸುವುದು, ಕೆಲ ವರ್ಷ ಬಿಟ್ಟು ಅದೇ ತಾಕಿಗೆ ಹೋಗಿ ಮತ್ತೆ ಎಣಿಸುವುದು. ಪಕ್ಕದ ಅಗೆಯದ ಗುಡ್ಡದಲ್ಲೂ ಅಂಥದೇ ತಾಕು ಇರಬೇಕು, ಇಲ್ಲದಿದ್ದರೆ ಹೋಲಿಸುವುದು ಯಾವುದರ ಜೊತೆ? ಭಾರತೀಯ ವಿಜ್ಞಾನ ಸಂಸ್ಥೆಯವರು 1984ರಲ್ಲಿ ನಮ್ಮ ಜಿಲ್ಲೆಯ ಕಾಡುಗಳಲ್ಲಿ ತಲಾ ಒಂದು ಹೆಕ್ಟೇರಿನ ಎಂಟು ತಾಕು ಗುರುತಿಸಿ, ಹತ್ತು ವರ್ಷದ ಮೇಲೆ ಯಾವ ಮರ ಸತ್ತಿತು, ಯಾವುದು ಹೊಸದಾಗಿ ಬಂತು ಎಂದು ಲೆಕ್ಕ ಹಾಕಿದ್ದರು. ಅವು ಗಣಿಯ ತಾಕುಗಳಲ್ಲ. ಆದರೆ ತಾಳ್ಮೆ ಅಂದರೆ ಏನು ಎಂಬುದಕ್ಕೆ ಉದಾಹರಣೆ.

ಗಣಿ ನೆಲದಲ್ಲಿ ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರು ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಜೆ.ಎಸ್. ಸಿಂಗ್ ಮತ್ತು ಶಿಷ್ಯರು. ಜಾಗ ಸಿಂಗ್ರೌಲಿಯ ಕಲ್ಲಿದ್ದಲು ಗಣಿ. ಅಗೆದು ರಾಶಿ ಹಾಕಿದ ಮಣ್ಣಿನಲ್ಲಿ ಸಾರವೇ ಇರುವುದಿಲ್ಲ. ಹಾಗಾಗಿ ಅವರು ಮರದ ಎತ್ತರವನ್ನಷ್ಟೇ ಅಳೆಯದೆ ಮಣ್ಣಿಗೆ ಎಷ್ಟು ಸಾರಜನಕ ಸೇರಿತು, ಸೂಕ್ಷ್ಮಜೀವಿಗಳು ಎಷ್ಟು ಹೆಚ್ಚಿದವು ಎಂದೂ ನೋಡಿದರು. ಅಮೆರಿಕದಲ್ಲಿ 1977ರ ಕಾನೂನಿನ ಪ್ರಕಾರ ಕಲ್ಲಿದ್ದಲು ಅಗೆದವನು ಬಿತ್ತನೆ ಮುಗಿಸಿದ ಮೇಲೂ ಕನಿಷ್ಠ ಐದು ವರ್ಷ, ಮಳೆ ಕಡಿಮೆ ಇರುವಲ್ಲಿ ಹತ್ತು ವರ್ಷ, ಹಸಿರಿಗೆ ಜವಾಬ್ದಾರ. ಅಲ್ಲಿಯವರೆಗೆ ಠೇವಣಿ ಪೂರ್ತಿ ವಾಪಸ್ ಇಲ್ಲ! ನಮ್ಮಲ್ಲಿ ಕಲ್ಲಿದ್ದಲು ಗಣಿ ಮುಚ್ಚುವ ಖರ್ಚನ್ನು ಮೊದಲೇ ತೆಗೆದಿಡಬೇಕೆಂಬ ಮಾರ್ಗಸೂಚಿ ಬಂದದ್ದು 2009ರಲ್ಲಿ.

ಬಳ್ಳಾರಿಯಲ್ಲಿ ಪಾಠ ಮುಂದುವರಿಯಿತು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅಲ್ಲಿನ ಗಣಿಗಾರಿಕೆ ನಿಲ್ಲಿಸಿತು. ನಂತರ ಪ್ರತಿ ಗುತ್ತಿಗೆಗೂ ಒಂದು ಪುನಶ್ಚೇತನ ಯೋಜನೆ ಕಡ್ಡಾಯವಾಯಿತು: ಮಣ್ಣಿನ ರಾಶಿಗೆ ತಡೆಗೋಡೆ, ಕೊರಕಲಿಗೆ ಒಡ್ಡು, ಇಳಿಜಾರಿಗೆ ಗಿಡ. 2013ರ ಏಪ್ರಿಲ್ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮವಾದ "ಸಿ" ವರ್ಗದ ಗುತ್ತಿಗೆಗಳೇ ರದ್ದಾದವು.

ಕೊನೆಗೆ ನನಗೆ ಬಹಳ ಇಷ್ಟವಾದ ಆದೇಶ. 2020ರ ಜನವರಿ 8ರಂದು ಸುಪ್ರೀಂ ಕೋರ್ಟು, ಗಣಿ ಮುಗಿದ ಮೇಲೆ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕೆಂಬ ಷರತ್ತನ್ನು ಗುತ್ತಿಗೆಯಲ್ಲೇ ಸೇರಿಸಿ ಎಂದು ಕೇಂದ್ರಕ್ಕೆ ಹೇಳಿತು. ದನಕರುಗಳಿಗೆ ಮೇವು ಸಿಗಲಿ ಎಂಬುದೂ ಅದರಲ್ಲಿತ್ತು. ಮರ ನೆಡಿ ಎನ್ನುವವರು ನೂರು ಜನ. ಹುಲ್ಲು ಅಂದದ್ದು ದೊಡ್ಡದು.

ಆದರೆ ಷರತ್ತು ಬರೆಯುವುದು ಸುಲಭ, ಎಣಿಸುವುದು ಕಷ್ಟ. ಈಗ ಉಪಗ್ರಹದ ಚಿತ್ರದಲ್ಲಿ ಎಷ್ಟು ಹಸಿರು ಎಂದು ಕೂತಲ್ಲೇ ಲೆಕ್ಕ ತೆಗೆಯುತ್ತಾರೆ. ಅಂಥ ಮಾಮೂಲಿ ಲೆಕ್ಕದಲ್ಲಿ ಅಕೇಶಿಯಾವೂ ಹಸಿರು, ಯುಪಟೋರಿಯಂ ಕಳೆಯೂ ಹಸಿರು, ಶೋಲಾವೂ ಹಸಿರು. ಜಾತಿ ಗುರುತಿಸಲು ಮನುಷ್ಯನೇ ಉಂಬಳ ಕಚ್ಚಿಸಿಕೊಂಡು ಹೋಗಿ ಬಗ್ಗಿ ನೋಡಬೇಕು. ಹುಲ್ಲು, ಬಳ್ಳಿ, ಗಿಡದ ಹೆಸರು ಗೊತ್ತಿರುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಬಹಳಷ್ಟು ಜನರಿಗೆ ವಯಸ್ಸಾಗಿದೆ. ಅವರ ಪಟ್ಟಿ ನಮ್ಮ ಕೈಗೆ ಬರದಿದ್ದರೆ, ನಾಳೆ ಯಾರಾದರೂ ಒಂದು ಗುಡ್ಡ ತೋರಿಸಿ "ನೋಡಿ, ಹಸಿರಾಗಿದೆ" ಅಂದರೆ ನಾವು ತಲೆಯಾಡಿಸಬೇಕಾಗುತ್ತದೆ.

ನಿಮ್ಮೂರ ಕಡೆ ಹಳೆಯ ಗಣಿ, ಚಿರೇಕಲ್ಲು ಕ್ವಾರಿ ಇದ್ದರೆ, ಅಲ್ಲಿ ಈಗ ಏನು ಬೆಳೆದಿದೆ? ಗೊತ್ತಿದ್ದವರು ಬರೆಯಿರಿ, ಗಿಡದ ಹೆಸರು ಸಮೇತ.