ಒಂದು ಗುಟುಕು ನೀರಿನ ಚರಿತ್ರೆ

ಗಂಟಲಿನಿಂದ ಜಠರಕ್ಕೆ ಇಳಿಯುವ ಅನ್ನನಾಳದ ಉದ್ದ ಸುಮಾರು 25 ಸೆಂಟಿಮೀಟರ್. ಈ ಗೇಣುದ್ದದ ದಾರಿ ಮುಚ್ಚಿಕೊಂಡರೆ ತಟ್ಟೆಯ ತುಂಬ ಅನ್ನವಿದ್ದೂ ಮನುಷ್ಯ ಹಸಿದಿರಬೇಕಾಗುತ್ತದೆ. ಬಡವನ ಹಸಿವಿಗೆ ನೆರೆಮನೆಯವರು ಒಂದು ತುತ್ತು ಕೊಡಬಹುದು. ಈ ಹಸಿವಿಗೆ ಏನು ಕೊಡುವುದು?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ 12ನೆಯ ಶತಮಾನದ ಸ್ಪೇನಿನ ಇಬ್ನ್ ಝುಹ್ರ್ ಒಬ್ಬರು. ಸೆವಿಲ್ಲೆ ನಗರದ ವೈದ್ಯ ಮನೆತನದವರು. ದಾರ್ಶನಿಕ ಇಬ್ನ್ ರುಶ್ದ್‌ರ ಗೆಳೆಯರು. ಮೊದಲು ಸಣ್ಣ ನೋವು, ನಂತರ ನುಂಗಲು ಕಷ್ಟ, ಕೊನೆಗೆ ದಾರಿಯೇ ಬಂದ್ ಆಗುವ ರೋಗವನ್ನು ಅವರು ತಮ್ಮ 'ಅತ್ತೈಸೀರ್' ಗ್ರಂಥದಲ್ಲಿ ವಿವರಿಸಿದರು. ಅಂಥ ರೋಗಿಗೆ ಬೆಳ್ಳಿಯ ಕೊಳವೆಯ ಮೂಲಕ ದ್ರವಾಹಾರ ಇಳಿಸಬಹುದೆಂದರು. ರೋಗ ಗೆಲ್ಲಲಾಗದಿದ್ದರೂ ರೋಗಿಯನ್ನು ಉಪವಾಸ ಕೆಡವಬಾರದು ಎಂಬ ಕಾಳಜಿ ಅದರಲ್ಲಿದೆ. 1162ರಲ್ಲಿ ಅವರು ತೀರಿಕೊಂಡರು.

ಈ ಕತ್ತಲ ಕೊಳವೆಯ ಒಳಗನ್ನು ಇಣುಕಿ ನೋಡಲು ವೈದ್ಯರು ಇನ್ನೂ ಏಳು ಶತಮಾನ ಕಾಯಬೇಕಾಯಿತು. 1868ರಲ್ಲಿ ಜರ್ಮನಿಯ ಕುಸ್‌ಮಾಲ್ ಅವರಿಗೆ ದಾರಿ ತೋರಿಸಿದವನು ಕತ್ತಿ ನುಂಗುವ ಆಟದವನು! ಅವನ ಗಂಟಲಿಗೆ ನೇರ ಲೋಹದ ಕೊಳವೆ ಇಳಿಸಿ ಅವರು ಒಳಗೆ ನೋಡಿದರು.

1913ರಲ್ಲಿ ನ್ಯೂಯಾರ್ಕಿನ ಸರ್ಜನ್ ಫ್ರಾಂಜ್ ಟೋರೆಕ್, 67 ವರ್ಷದ ಮಹಿಳೆಯೊಬ್ಬರ ಎದೆಗೂಡಿನಿಂದ ಕ್ಯಾನ್ಸರ್ ಹಿಡಿದ ಅನ್ನನಾಳವನ್ನು ತೆಗೆದರು. ಅದರ ಬದಲಿಗೆ ಕುತ್ತಿಗೆಯಿಂದ ಜಠರದವರೆಗೆ, ಚರ್ಮದ ಹೊರಗೆ, ಒಂದು ರಬ್ಬರ್ ಕೊಳವೆ. ಆಕೆ ಬಾಯಿಂದಲೇ ಉಣ್ಣುತ್ತಾ ಮತ್ತೆ 13 ವರ್ಷ ಬದುಕಿದರು.

ಅದೇ ಕಾಲದ ಅಮೆರಿಕದ ಇನ್ನೊಬ್ಬ ವೈದ್ಯ ಷೆವಲಿಯರ್ ಜಾಕ್ಸನ್. ಕಾಸ್ಟಿಕ್ ಸೋಡಾದಂಥ ಕ್ಷಾರ ನುಂಗಿ ಅನ್ನನಾಳ ಸುಟ್ಟುಕೊಂಡ ಮಕ್ಕಳು ಅವರ ಬಳಿ ಬರುತ್ತಿದ್ದರು. ನೀರೂ ಇಳಿಯದಿದ್ದ ಒಬ್ಬ ಪುಟ್ಟ ಹುಡುಗಿಯ ಅನ್ನನಾಳದಲ್ಲಿ ಸಿಕ್ಕಿಕೊಂಡಿದ್ದುದನ್ನು ಅವರು ತೆಗೆದರು. ಲೋಟದ ನೀರು ಗಂಟಲಿಂದ ಇಳಿದಾಗ ಆ ಮಗು ಅವರ ಕೈಗೆ ಮುತ್ತಿಟ್ಟಿತಂತೆ. ಆದರೆ ಜಾಕ್ಸನ್ ಮುತ್ತಿಗೆ ತೃಪ್ತರಾಗಿ ಕೂರಲಿಲ್ಲ. ಡಬ್ಬಿಗಳ ಮೇಲೆ 'ವಿಷ' ಎಂದು ಬರೆಯಲೇಬೇಕೆಂದು ವರ್ಷಗಟ್ಟಲೆ ಹೋರಾಡಿದರು. 1927ರಲ್ಲಿ ಅಮೆರಿಕದಲ್ಲಿ ಅದಕ್ಕೊಂದು ಕಾನೂನು ಬಂತು.

ಇಂದು ಬಾಗುವ ಎಂಡೋಸ್ಕೋಪು ಕೆಲವೇ ನಿಮಿಷಗಳಲ್ಲಿ ಅನ್ನನಾಳವನ್ನು ಪರೀಕ್ಷಿಸುತ್ತದೆ. ತೀರಾ ಆರಂಭದ ಕ್ಯಾನ್ಸರನ್ನು ಎದೆ ಕೊಯ್ಯದೆ ಅದರಿಂದಲೇ ತೆಗೆಯಬಹುದು. ಮುಂದುವರಿದಿದ್ದರೆ ಔಷಧ, ವಿಕಿರಣ, ಶಸ್ತ್ರಚಿಕಿತ್ಸೆಗಳಿವೆ. ಅವು ಸಾಧ್ಯವಾಗದವರಿಗೆ ದಾರಿ ತೆರೆದಿಡಲು ಲೋಹದ ಜಾಲರಿಯ ಸ್ಟೆಂಟ್ ಇದೆ. ಇಬ್ನ್ ಝುಹ್ರ್‌ರ ಬೆಳ್ಳಿ ಕೊಳವೆಯ ಮರಿಮಗ ಎನ್ನಬಹುದು.

ಆದರೆ ನಾವು ವೈದ್ಯರ ಬಳಿ ಹೋಗುವುದು ಯಾವಾಗ? ರೊಟ್ಟಿ ಇಳಿಯದಿದ್ದರೆ ನೀರು ಕುಡಿದು ತಳ್ಳುತ್ತೇವೆ. ನಂತರ ಮೆತ್ತಗಿನ ಅನ್ನ, ಆಮೇಲೆ ಗಂಜಿ. ಹೀಗೆ ತಿಂಗಳುಗಳು ಕಳೆಯುತ್ತವೆ. ತಂಬಾಕು, ಅಡಿಕೆ, ಮದ್ಯ ಈ ಕ್ಯಾನ್ಸರಿಗೆ ಬಾಗಿಲು ತೆರೆಯುತ್ತವೆಂದು ಗೊತ್ತಿದ್ದೂ ಬಾಯಾಡಿಸುತ್ತೇವೆ. ಶೌಚಾಲಯ ತೊಳೆಯುವ ಆ್ಯಸಿಡ್ಡನ್ನು ತಂಪುಪಾನೀಯದ ಬಾಟಲಿಯಲ್ಲಿ ತುಂಬಿ ಮಕ್ಕಳ ಕೈಗೆಟಕುವಲ್ಲಿ ಇಡುತ್ತೇವೆ. ಮಗು ಕುಡಿದರೆ ವಾಂತಿ ಮಾಡಿಸಲು ಹೊರಡುತ್ತೇವೆ; ಆಗ ಆ್ಯಸಿಡ್ ಅದೇ ದಾರಿಯನ್ನು ಎರಡನೆಯ ಸಲ ಸುಡುತ್ತದೆ. ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಎಂಟುನೂರು ವರ್ಷಗಳ ಹಿಂದೆ ಒಬ್ಬ ವೈದ್ಯರು ಗಮನಿಸಿ ಬರೆದಿಟ್ಟ ಆ ಸಣ್ಣ ನೋವನ್ನು ನಾವು ಇಂದೂ ನೀರು ಕುಡಿದು ಮರೆಯಬೇಕೆ?